ದೀರ್ಘಕಾಲದ ಸೊಂಟನೋವಿಗೆ ಮಸಾಜ್: ಎಷ್ಟು ಪ್ರಯೋಜನ, ಯಾರಿಂದ, ಯಾರಿಗೆ ಬೇಡ?

ಪ್ರಶ್ನೆ
ತೋಟದದಾರಿ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಐವತ್ತು ದಾಟಿದ ಅಡಿಕೆ ಬೆಳೆಗಾರ. ಆಳುಗಳ ಜೊತೆಗೆ ನಾನೂ ತೋಟದ ಕೆಲಸಕ್ಕೆ ಇಳಿಯುವವನು. ಹೋದ ಕೊಯ್ಲಿನಲ್ಲಿ ಶುರುವಾದ ಸೊಂಟನೋವು ಮಳೆಗಾಲ ಮುಗಿಯುತ್ತ ಬಂದರೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದಾಗ ಸೊಂಟ ಬಿಗಿದುಕೊಂಡಿರುತ್ತದೆ, ಓಡಾಡಿದ ಮೇಲೆ ತುಸು ಸಡಿಲವಾಗುತ್ತದೆ, ಹೊರೆ ಹೊತ್ತ ದಿನ ಅಥವಾ ಅಂಗಳದಲ್ಲಿ ಬಗ್ಗಿಕೊಂಡೇ ಅಡಿಕೆ ಹರವಿದ ದಿನ ರಾತ್ರಿ ಮಗ್ಗುಲು ಬದಲಿಸುವುದೂ ಕಷ್ಟವಾಗುತ್ತದೆ. ನೋವು ಕಾಲಿಗೆ ಇಳಿಯುವುದಿಲ್ಲ, ಜೋಮೂ ಇಲ್ಲ. ಮೂಳೆ ತಜ್ಞರು ಎಂಆರ್‌ಐ ಮಾಡಿಸಿ ನೋಡಿ, ಡಿಸ್ಕ್ ಸ್ವಲ್ಪ ಸವೆದಿದೆ, ಆಪರೇಷನ್ ಬೇಕಾಗಿಲ್ಲ ಎಂದಿದ್ದಾರೆ. ಅವರು ಬರೆದುಕೊಟ್ಟ ಮಾತ್ರೆ ನುಂಗಿದಷ್ಟು ದಿನ ಆರಾಮವಿತ್ತು. ಹೊಟ್ಟೆ ಉರಿ ಶುರುವಾದ್ದರಿಂದ ಮುಂದುವರಿಸಲು ಧೈರ್ಯ ಬರುತ್ತಿಲ್ಲ.

ಈಗ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಶಿವಮೊಗ್ಗದಲ್ಲಿರುವ ಮಗಳು, ಅಲ್ಲಿನ ಮಸಾಜ್ ಕೇಂದ್ರವೊಂದಕ್ಕೆ ಹಲವು ವಾರಗಳ ಹಣವನ್ನು ಮುಂಗಡವಾಗಿ ಕಟ್ಟಿಬಿಡೋಣ ಎನ್ನುತ್ತಾಳೆ. ಅಪ್ಪ, ನಮ್ಮ ಕಡೆ ಉಳುಕು ತೆಗೆಯುವವರ ಹತ್ತಿರ ಎಣ್ಣೆ ಹಾಕಿಸಿ ನೀವಿಸಿಕೊಂಡರೆ ಸಾಕು ಎನ್ನುತ್ತಾರೆ. ಮಸಾಜಿನಿಂದ ಇಂಥ ಹಳೆಯ ನೋವು ನಿಜವಾಗಿ ಹೋಗುತ್ತದೆಯೇ, ಅಥವಾ ಮಾಡಿಸಿಕೊಂಡ ದಿನದ ಮಟ್ಟಿಗಿನ ಸುಖವೇ ಅದು? ಗಟ್ಟಿಯಾಗಿ ಒತ್ತಿಸಿಕೊಂಡಷ್ಟೂ ಒಳ್ಳೆಯದೇ? ಎಣ್ಣೆ ಯಾವುದೆಂಬುದು ಮುಖ್ಯವೇ? ತಿಳಿದವರು ಬರೆಯಬೇಕಾಗಿ ಕೋರುತ್ತೇನೆ.


ಉತ್ತರ 1
ತುಂಗೆಯದಂಡೆ, ಶಿವಮೊಗ್ಗ

ನಾನು ಫಿಸಿಯೋಥೆರಪಿ ವೃತ್ತಿಯಲ್ಲಿರುವವನು. ಕೊಯ್ಲು ಮುಗಿದ ತಿಂಗಳುಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ನಿಮ್ಮಂಥದೇ ನೋವು ಹೊತ್ತು ಬರುವವರನ್ನು ಪ್ರತಿವರ್ಷ ನೋಡುತ್ತೇನೆ. ನೇರವಾಗಿ ಹೇಳುವುದಾದರೆ, ಮಸಾಜಿನಿಂದ ಉಪಶಮನ ಸಿಗುವುದು ನಿಜ, ಆದರೆ ಅದು ಸಾಧಾರಣ ಪ್ರಮಾಣದ್ದು ಮತ್ತು ಅಲ್ಪಾವಧಿಯದು. ಆ ಅವಧಿಯನ್ನು ನೀವು ಹೇಗೆ ಬಳಸಿಕೊಳ್ಳುತ್ತೀರಿ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಮೊದಲು ಸವೆತದ ವಿಷಯ, ಏಕೆಂದರೆ ಆ ಶಬ್ದ ಕೇಳಿದ ಮೇಲೆ ಬಗ್ಗುವುದನ್ನೇ ಬಿಟ್ಟವರು ಬಹಳ ಮಂದಿ. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ, 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಇಪ್ಪತ್ತರ ಹರೆಯದವರಲ್ಲೇ ಶೇ 37ರಷ್ಟು ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ಎಂಬತ್ತರ ವಯಸ್ಸಿನವರಲ್ಲಿ ಅದು ಶೇ 96. ಅಂದರೆ ನಿಮ್ಮ ಚಿತ್ರದಲ್ಲಿ ಕಂಡ ಸವೆತಕ್ಕೂ ನಿಮ್ಮ ನೋವಿಗೂ ನಂಟಿರಬಹುದು, ಇಲ್ಲದೆಯೂ ಇರಬಹುದು. ಮೂರು ತಿಂಗಳು ಮೀರಿ ಉಳಿದ ಅಥವಾ ಮತ್ತೆ ಮತ್ತೆ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎಂದು ಕರೆಯುತ್ತಾರೆ. ಇಂಥ ನೋವಿನಲ್ಲಿ ಮೂಲ ಪೆಟ್ಟು ಮಾಗಿದ ಮೇಲೂ ನರವ್ಯೂಹ ಎಚ್ಚರಿಕೆಯ ಸ್ಥಿತಿಯಲ್ಲೇ ಉಳಿದುಬಿಟ್ಟಿರುತ್ತದೆ. ನಿದ್ದೆಗೇಡು, ಚಿಂತೆ, ಅಲುಗಾಡಲು ಅಂಜಿಕೆ, ಇವೆಲ್ಲ ಸೇರಿ ಅದನ್ನು ಆರಲು ಬಿಡುವುದಿಲ್ಲ.

ಮಸಾಜ್ ಕೆಲಸ ಮಾಡುವುದು ಹೆಚ್ಚಾಗಿ ಈ ನರವ್ಯೂಹದ ಮೇಲೆ. ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ, ಚರ್ಮ ಮತ್ತು ಸ್ನಾಯುಗಳಿಂದ ಹೊರಡುವ ಸ್ಪರ್ಶ, ಒತ್ತಡದ ಸಂಕೇತಗಳು ಬೆನ್ನುಹುರಿಯ ಮಟ್ಟದಲ್ಲೇ ನೋವಿನ ಸಂಕೇತಗಳನ್ನು ಒಂದಷ್ಟು ತಡೆಯುತ್ತವೆ. ಮೊಣಕಾಲು ಹೊಸಿಲಿಗೆ ತಾಗಿದಾಗ ಕೈ ತಾನಾಗಿ ಹೋಗಿ ಅಲ್ಲಿ ಉಜ್ಜುವುದು ಇದೇ ಕಾರಣಕ್ಕೆ. ಆ ವಿವರಣೆಯ ಹಲವು ಅಂಶಗಳು ಮುಂದೆ ತಿದ್ದುಪಡಿಯಾಗಿದ್ದರೂ ಅದರ ತಿರುಳು ಉಳಿದುಕೊಂಡಿದೆ. ಇದಲ್ಲದೆ, ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ವೇಗದಲ್ಲಿ ಮೃದುವಾಗಿ ನೀವಿದಾಗ ಮಾತ್ರ ಚೆನ್ನಾಗಿ ಸ್ಪಂದಿಸುವ ನರತಂತುಗಳು ನಮ್ಮ ಚರ್ಮದಲ್ಲಿವೆ. ನಿಧಾನದ ಕೈ ಮನಸ್ಸಿಗೆ ಸಮಾಧಾನ ಕೊಡುವುದರಲ್ಲಿ ಅವುಗಳ ಪಾಲಿದೆ. ಕೆಲವು ಕೇಂದ್ರಗಳ ಫಲಕದಲ್ಲಿ ಕಾಣುವ ‘ಮೈಯ ವಿಷ ಹೊರಹಾಕುವುದು’ ಎಂಬ ಮಾತಿಗೆ ಮಾತ್ರ ಯಾವ ಆಧಾರವೂ ಇಲ್ಲ. ಲ್ಯಾಕ್ಟಿಕ್ ಆಮ್ಲವನ್ನು ಹಿಂಡಿ ತೆಗೆಯುತ್ತದೆ ಎನ್ನುವುದೂ ಸರಿಯಲ್ಲ. ವ್ಯಾಯಾಮದಿಂದ ದಣಿಸಿದ ಸ್ನಾಯುಗಳ ತುಣುಕು ತೆಗೆದು ಪರೀಕ್ಷಿಸಿದ 2012ರ ಒಂದು ಚಿಕ್ಕ ಪ್ರಯೋಗದಲ್ಲಿ, ಮಸಾಜಿನ ನಂತರ ಉರಿಯೂತದ ಕೆಲವು ಸೂಚಕಗಳು ತಗ್ಗಿದ್ದವು, ಲ್ಯಾಕ್ಟೇಟ್ ಪ್ರಮಾಣ ಮಾತ್ರ ಬದಲಾಗಿರಲಿಲ್ಲ.

ಪ್ರಯೋಜನ ಎಷ್ಟೆಂಬುದಕ್ಕೆ ಬರೋಣ. ಸೊಂಟನೋವಿಗೆ ಮಸಾಜ್ ಕುರಿತ 25 ಪ್ರಯೋಗಗಳನ್ನು, ವೈದ್ಯಕೀಯ ಸಂಶೋಧನೆಗಳನ್ನು ಒರೆಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು 2015ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ಏನೂ ಮಾಡದಿರುವುದಕ್ಕಿಂತ ಮಸಾಜ್ ಅಲ್ಪಾವಧಿಯಲ್ಲಿ ಮೇಲು ಎಂದು ಕಂಡಿತಾದರೂ, ಆಧಾರಗಳ ಗುಣಮಟ್ಟ ಕಡಿಮೆಯಾದ್ದರಿಂದ ತಮಗೆ ಅದರಲ್ಲಿ ಹೆಚ್ಚು ವಿಶ್ವಾಸವಿಲ್ಲವೆಂದು ಅವರು ಬರೆದರು. ಅಮೆರಿಕದ ವೈದ್ಯರ ಸಂಘವೊಂದರ 2017ರ ಮಾರ್ಗಸೂಚಿ ಮಸಾಜನ್ನು ಹೊಸದಾಗಿ ಹಿಡಿದ ಸೊಂಟನೋವಿನ ಚಿಕಿತ್ಸೆಗಳಲ್ಲಿ ಸೇರಿಸಿ, ಹಳೆಯ ನೋವಿಗೆ ವ್ಯಾಯಾಮ, ಯೋಗ ಮುಂತಾದವುಗಳನ್ನು ಮುಂದಿಟ್ಟಿತು. ಬ್ರಿಟನ್ನಿನ 2016ರ ಮಾರ್ಗಸೂಚಿ ಮಸಾಜನ್ನು ವ್ಯಾಯಾಮದ ಜೊತೆಗೆ ಮಾತ್ರ ಪರಿಗಣಿಸಿ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆಂದೇ ಹೊರಡಿಸಿದ ಮಾರ್ಗಸೂಚಿಯಲ್ಲಿ ತಿಳಿವಳಿಕೆ, ವ್ಯಾಯಾಮ, ಮಾನಸಿಕ ಚಿಕಿತ್ಸೆಗಳ ಸಾಲಿನಲ್ಲಿ ಮಸಾಜಿಗೂ ಜಾಗ ಕೊಟ್ಟಿದೆ. ಸೊಂಟಕ್ಕೆ ಕಟ್ಟುವ ಬೆಲ್ಟು ಮತ್ತು ಎಳೆತದ ಚಿಕಿತ್ಸೆಯನ್ನು ವಾಡಿಕೆಯಾಗಿ ಬಳಸುವುದು ಬೇಡವೆಂದಿದೆ. ಅಂಗಡಿಯಿಂದ ಬೆಲ್ಟು ತಂದು ಕಟ್ಟಿಕೊಂಡೇ ತೋಟಕ್ಕೆ ಹೋಗುವವರು ಇದನ್ನು ಗಮನಿಸಬೇಕು.

ಗಟ್ಟಿಯಾಗಿ ಒತ್ತಿಸಿಕೊಳ್ಳಬೇಕೇ ಎಂಬ ನಿಮ್ಮ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರವಿದೆ. ಅಮೆರಿಕದ ಸಿಯಾಟಲ್ ಕಡೆ ದೀರ್ಘಕಾಲದ ಸೊಂಟನೋವಿದ್ದ 401 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ನಿರ್ದಿಷ್ಟ ಸ್ನಾಯು, ಸಂದುಗಳನ್ನು ಗುರಿಯಾಗಿಸಿದ ಮಸಾಜ್, ಇನ್ನೊಂದಕ್ಕೆ ಬರಿಯ ವಿಶ್ರಾಂತಿಯ ಮಸಾಜ್, ಮೂರನೆಯದಕ್ಕೆ ಎಂದಿನ ಚಿಕಿತ್ಸೆ ದೊರೆಯಿತು. ವಾರಕ್ಕೊಂದರಂತೆ 10 ವಾರಗಳ ನಂತರ ಎರಡೂ ಮಸಾಜ್ ಗುಂಪುಗಳು ಮೂರನೆಯದಕ್ಕಿಂತ ಚೆನ್ನಾಗಿದ್ದವು, ಓಡಾಟ ಮತ್ತು ಕೆಲಸದಲ್ಲಿನ ಸುಧಾರಣೆ ಆರು ತಿಂಗಳವರೆಗೂ ಕಂಡಿತು, ಆದರೆ ಎರಡು ಬಗೆಯ ಮಸಾಜ್‌ಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಆದ್ದರಿಂದ ‘ಡೀಪ್ ಟಿಶ್ಯೂ’ ಎಂಬ ಹೆಸರಿಗೆ ಹೆಚ್ಚು ಹಣ ಕೊಡಬೇಕಾಗಿಲ್ಲ. ನಮ್ಮಲ್ಲಿ ಕಣ್ಣೀರು ಬರುವಷ್ಟು ಒತ್ತಿಸಿಕೊಂಡರೇನೇ ಗುಣ ಎಂಬ ನಂಬಿಕೆ ಬೇರೂರಿದೆ. ನೋವಿಗೆ ಹೆದರಿ ಉಸಿರು ಬಿಗಿಹಿಡಿದವನ ಸ್ನಾಯು ಸಡಿಲವಾಗುವುದಾದರೂ ಹೇಗೆ?

ಮುಂಗಡ ಕಟ್ಟಬೇಡಿ. ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ವಾರ ಮಾಡಿಸಿಕೊಂಡು, ಹಾಸಿಗೆಯಿಂದ ಏಳುವುದು, ಬಗ್ಗುವುದು, ನಿದ್ದೆ, ಇವು ಮೂರೂ ಸುಲಭವಾಗುತ್ತಿವೆಯೇ ನೋಡಿ. ಮಸಾಜ್ ಆದ ಮೊದಲ ಎರಡು ದಿನ ಸೊಂಟ ಹಗುರಾಗಿರುವಾಗ ಮಲಗಿ ಕಾಲ ಕಳೆಯದೆ, ಗದ್ದೆಯ ಬದುವಿನ ಮೇಲೋ ರಸ್ತೆಯಲ್ಲೋ ಅರ್ಧ ಗಂಟೆ ನಡೆಯಿರಿ. ಅಂಗಾತ ಮಲಗಿ ಮಂಡಿಯನ್ನು ಎದೆಗೆ ತರುವುದು, ಮಂಡಿ ಮಡಿಸಿಕೊಂಡು ಸೊಂಟವನ್ನು ನೆಲದಿಂದ ಮೇಲೆತ್ತಿ ಹಿಡಿಯುವುದು, ಅಂಬೆಗಾಲಿನ ಭಂಗಿಯಲ್ಲಿ ಎದುರುಬದುರಿನ ಕೈ ಕಾಲು ಚಾಚುವುದು, ಇವನ್ನು ಯಾರಾದರೂ ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಸರಿಯಾಗಿ ಕಲಿತು ದಿನವೂ ಮಾಡಿ. ಮಸಾಜನ್ನು ಬಿಟ್ಟರೂ ಇದನ್ನು ಬಿಡಬಾರದು.


ಉತ್ತರ 2
ವರದಾಮೂಲ, ಸಾಗರ

ಆಯುರ್ವೇದ ವೈದ್ಯನಾಗಿ ಎರಡು ಮಾತು ಸೇರಿಸುತ್ತೇನೆ. ಮೇಲಿನವರು ಹೇಳಿದ್ದರಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಮಸಾಜನ್ನು ನೋವು ಬಂದಾಗಿನ ಚಿಕಿತ್ಸೆಯೆಂದಷ್ಟೇ ನೋಡಿರುವುದರಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಆಯುರ್ವೇದದ ಪ್ರಾಚೀನ ಗ್ರಂಥವಾದ ಅಷ್ಟಾಂಗಹೃದಯದಲ್ಲಿ ಅಭ್ಯಂಗ, ಅಂದರೆ ಮೈಗೆ ಎಣ್ಣೆ ಹಚ್ಚಿ ನೀವುವುದು, ಬರುವುದು ರೋಗಚಿಕಿತ್ಸೆಯ ಭಾಗದಲ್ಲಲ್ಲ, ದಿನಚರ್ಯೆಯ ಅಧ್ಯಾಯದಲ್ಲಿ. ಹಲ್ಲುಜ್ಜುವುದು, ವ್ಯಾಯಾಮ, ಸ್ನಾನ ಇವುಗಳ ಸಾಲಿನಲ್ಲಿ, ಮುಪ್ಪು, ದಣಿವು ಮತ್ತು ವಾತವನ್ನು ತಗ್ಗಿಸುವ ನಿತ್ಯಕರ್ಮವೆಂದು ಅದನ್ನು ಹೇಳಿದೆ. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆನ್ನುತ್ತದೆ. ಅಲ್ಲೇ ಮುಂದೆ, ಅಜೀರ್ಣವಿದ್ದವರಿಗೆ, ಕಫ ಹೆಚ್ಚಿದವರಿಗೆ, ಆಗತಾನೇ ದೇಹಶುದ್ಧಿಯ ಶೋಧನ ಚಿಕಿತ್ಸೆ ಮುಗಿಸಿದವರಿಗೆ ಇದು ಬೇಡವೆಂಬ ನಿಷೇಧವೂ ಇದೆ. ಎಲ್ಲರಿಗೂ ಎಲ್ಲ ಕಾಲಕ್ಕೂ ಎಂದು ಹಳಬರೂ ಹೇಳಿರಲಿಲ್ಲ. ಮಲೆನಾಡಿನ ಮನೆಗಳಲ್ಲಿ ದೀಪಾವಳಿಗೋ ಯುಗಾದಿಗೋ ಉಳಿದುಕೊಂಡಿರುವ ಎಣ್ಣೆಸ್ನಾನ ವಾರಕ್ಕೊಮ್ಮೆಯಾದರೂ ಮರಳಿ ಬಂದರೆ, ಬಾಣಂತಿಗೆ ನೀಡುವ ಆರೈಕೆಯ ಒಂದು ಪಾಲು ತೋಟದಲ್ಲಿ ದುಡಿಯುವ ಮೈಗೂ ಸಿಕ್ಕಂತಾಗುತ್ತದೆ.

ಎಣ್ಣೆಯ ಬಗ್ಗೆ ಕೇಳಿದ್ದೀರಿ. ಸೊಂಟನೋವಿಗೆ ನಾವು ಸಾಮಾನ್ಯವಾಗಿ ಮಹಾನಾರಾಯಣ ತೈಲ, ಧನ್ವಂತರ ತೈಲದಂಥವನ್ನು ಕೊಡುತ್ತೇವೆ. ಎರಡಕ್ಕೂ ಎಳ್ಳೆಣ್ಣೆಯೇ ಮೂಲ. ಅವು ಸಿಗದಿದ್ದರೆ ಬರಿಯ ಎಳ್ಳೆಣ್ಣೆಯನ್ನೇ ಬಳಸಬಹುದು; ಕೈ ಚರ್ಮದ ಮೇಲೆ ಎಳೆದಾಡದಂತೆ ಜಾರಬೇಕು, ಬೆಚ್ಚಗಿರಬೇಕು, ಅಷ್ಟಾದರೆ ಅರ್ಧ ಕೆಲಸ ಆದಂತೆ. ಎಣ್ಣೆಯನ್ನು ನೇರವಾಗಿ ಒಲೆಯ ಮೇಲಿಡಬೇಡಿ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಹಚ್ಚುವವರು ಮೊದಲು ತಮ್ಮ ಮುಂಗೈ ಮೇಲೆ ಹನಿಸಿ ನೋಡಿಕೊಳ್ಳಲಿ. ಇಪ್ಪತ್ತು ನಿಮಿಷ ನೀವಿದ ಮೇಲೆ ಹಂಡೆಯ ಬಿಸಿನೀರು ಸೊಂಟದ ಮೇಲೆ ಧಾರೆಯಾಗಿ ಬೀಳಲಿ. ನಮ್ಮ ಪದ್ಧತಿಯಲ್ಲಿ ಅಭ್ಯಂಗದ ಹಿಂದೆಯೇ ಸ್ವೇದನ, ಅಂದರೆ ಬಿಸಿ ಕೊಟ್ಟು ಬೆವರಿಸುವುದು, ಬರುತ್ತದೆ, ಬಚ್ಚಲೊಲೆ ಇರುವ ಮನೆಯಲ್ಲಿ ಅದಕ್ಕೆ ಬೇರೆ ಯಂತ್ರ ಬೇಕಾಗಿಲ್ಲ. ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಕಟಿಬಸ್ತಿಯನ್ನು ಮಾತ್ರ ಮನೆಯಲ್ಲಿ ಪ್ರಯತ್ನಿಸದೆ ಅರ್ಹ ವೈದ್ಯರ ಬಳಿ ಮಾಡಿಸಿಕೊಳ್ಳಿ.

ಇನ್ನೊಂದು ವಿಷಯವನ್ನು ಖಂಡಿತವಾಗಿ ಹೇಳಬೇಕು. ಮಸಾಜ್ ಮಾಡುವ ಕೆಲವರು ಜೊತೆಗೆ ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ಎರಡೇ ದಿನದಲ್ಲಿ ಪವಾಡದಂತೆ ನೋವು ಮಾಯವಾದರೆ ಸಂತೋಷಪಡುವುದಕ್ಕಿಂತ ಸಂಶಯಪಡುವುದು ಮೇಲು, ಏಕೆಂದರೆ ಇಂಥ ಔಷಧಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ದೇಶದ ಹಲವೆಡೆ ಪತ್ತೆಯಾಗಿದೆ. ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಇಲ್ಲದ ಏನನ್ನೂ ನುಂಗಬೇಡಿ. ಶಿವಮೊಗ್ಗದಲ್ಲೇ ಸರ್ಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯಿದೆ. ಮುಂಗಡ ಕೇಳುವ ಕೇಂದ್ರಕ್ಕಿಂತ ಮೊದಲು ಅಲ್ಲಿ ತೋರಿಸಬಹುದು.


ಉತ್ತರ 3
ಶರಾವತಿಮಡಿಲು, ಹೊಸನಗರ

ಮೇಲಿನ ಇಬ್ಬರೂ ತಿಳಿದವರು. ಮನೆಯ ಹೆಂಗಸಾಗಿ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ವಾರವಾರವೂ ಶಿವಮೊಗ್ಗಕ್ಕೆ ಹೋಗಿ ಬರುವುದೆಂದರೆ ನಮ್ಮ ಕಡೆಯವರಿಗೆ ಇಡೀ ದಿನದ ಕೆಲಸ, ಅದರಲ್ಲೂ ಘಟ್ಟದ ರಸ್ತೆಯಲ್ಲಿ ಬಸ್ಸಿನಲ್ಲಿ ಕುಳಿತು ಹಿಂದಿರುಗುವಷ್ಟರಲ್ಲಿ ಸಡಿಲವಾದ ಸೊಂಟ ಮತ್ತೆ ಬಿಗಿದುಕೊಳ್ಳುತ್ತದೆ. ಆದ್ದರಿಂದ ಮನೆಯವರಲ್ಲೇ ಒಬ್ಬರು ಕಲಿತು ಮಾಡುವುದು ಉಳಿದೆಲ್ಲಕ್ಕಿಂತ ನಡೆಯುವ ದಾರಿ. ನಮ್ಮ ಅತ್ತೆಯವರ ಮಂಡಿನೋವಿಗೆ ನಾನು ಹಾಗೆಯೇ ಮಾಡುತ್ತೇನೆ. ನೋವು ಪೂರ್ತಿ ಹೋಗಿಲ್ಲ, ಆದರೆ ಎಣ್ಣೆ ಹಚ್ಚಿಸಿಕೊಂಡ ರಾತ್ರಿ ಅವರು ಚೆನ್ನಾಗಿ ನಿದ್ದೆ ಮಾಡುತ್ತಾರೆ, ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು ಕಡಿಮೆ.

ಇಲ್ಲಿ ಯಾರೂ ಎತ್ತದ ಪ್ರಶ್ನೆಯೊಂದಿದೆ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೂ ಕುಳಿತು ಅಡಿಕೆ ಸುಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಗಂಡಸರ ಸೊಂಟಕ್ಕೆ ಎಣ್ಣೆ ತಿಕ್ಕಲು ಹೆಂಡತಿಯೋ ಮಗಳೋ ಇರುತ್ತಾರೆ. ಆ ಹೆಂಡತಿಯ ಬೆನ್ನು, ಕುತ್ತಿಗೆಗೆ ತಿಕ್ಕುವವರು ಯಾರು? ನೀವು ಮಸಾಜ್ ಕಲಿಸಿಕೊಳ್ಳುವುದಾದರೆ ಮನೆಯಲ್ಲಿ ಇಬ್ಬರೂ ಕಲಿಯಿರಿ ಎನ್ನುವುದು ನನ್ನ ಕೋರಿಕೆ. ಸುಲಿಯುವ ಮಣೆಯನ್ನು ಎತ್ತರಿಸಿಕೊಂಡು, ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಿ ಬಂದರೆ ಎಣ್ಣೆಯ ಖರ್ಚೂ ತಗ್ಗುತ್ತದೆ.


ಪ್ರಶ್ನೆ ಕೇಳಿದವರಿಂದ
ತೋಟದದಾರಿ, ತೀರ್ಥಹಳ್ಳಿ ತಾಲ್ಲೂಕು

ಮೂವರಿಗೂ ಕೃತಜ್ಞತೆಗಳು. ಮುಂಗಡ ಕಟ್ಟುವ ವಿಚಾರವನ್ನು ಕೈಬಿಟ್ಟಿದ್ದೇವೆ; ಕೊನೆಯ ಪತ್ರವನ್ನು ಓದಿದ ನನ್ನ ಹೆಂಡತಿ ಅದನ್ನು ನನಗೆ ಎರಡನೆಯ ಸಲ ಓದಿ ಹೇಳಿದ್ದಾಳೆ. ಇನ್ನೆರಡು ಸಂದೇಹಗಳಿವೆ. ಉಳುಕು ತೆಗೆಯುವವರು ಕೊನೆಯಲ್ಲಿ ಕುತ್ತಿಗೆಯನ್ನು ಹಿಡಿದು ಲಟಕ್ಕೆಂದು ತಿರುಗಿಸುತ್ತಾರೆ, ಅದು ಸರಿಯೇ? ಮತ್ತು ನನಗೆ ಮಾಡಿಸುವುದಾದರೆ ತಮಗೂ ಮಾಡಿಸಬೇಕೆಂದು ಅಪ್ಪ ಹಟ ಹಿಡಿದಿದ್ದಾರೆ. ಅವರಿಗೆ ಎಂಬತ್ತರ ಹತ್ತಿರದ ವಯಸ್ಸು, ಬಹಳ ವರ್ಷಗಳ ಸಕ್ಕರೆ ಕಾಯಿಲೆ, ಹೃದಯದ ಚಿಕಿತ್ಸೆಯಾದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆಯೂ ನಡೆದಿದೆ. ಮಳೆ ಹಿಡಿದಾಗ ತಮಗೆ ನೋವು ಹೆಚ್ಚುತ್ತದೆ ಎನ್ನುತ್ತಾರೆ.


ಉತ್ತರ 4
ತುಂಗೆಯದಂಡೆ, ಶಿವಮೊಗ್ಗ

ಕುತ್ತಿಗೆಯನ್ನು ಲಟಕ್ಕೆನಿಸುವುದು ಬೇಡವೇ ಬೇಡ, ನಿಮಗೂ ಬೇಡ, ತಂದೆಯವರಿಗೂ ಬೇಡ. ಮಿದುಳಿಗೆ ರಕ್ತ ಒಯ್ಯುವ ಧಮನಿಗಳು ಕುತ್ತಿಗೆಯ ಮಣಿಗಳ ಬದಿಯಲ್ಲೇ ಹಾದುಹೋಗುತ್ತವೆ. ರಭಸದ ತಿರುಚಿನಿಂದ ಅವುಗಳ ಒಳಪದರ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅವು ಅಪರೂಪ, ಆದರೆ ಆದಾಗಿನ ನಷ್ಟ ದೊಡ್ಡದು, ಮತ್ತು ಸೊಂಟನೋವಿಗೆ ಕುತ್ತಿಗೆ ತಿರುಚಿ ಸಿಗುವ ಲಾಭ ಏನೂ ಇಲ್ಲ. ಉಳುಕು ತೆಗೆಯುವವರ ಕೈಯಲ್ಲಿ ಒಳ್ಳೆಯ ಹದವಿರುವುದನ್ನು ನಾನು ನೋಡಿದ್ದೇನೆ. ಸೊಂಟ, ಬೆನ್ನನ್ನು ನೀವಿಸಿಕೊಳ್ಳಿ, ತಿರುಚುವುದು ಬೇಡವೆಂದು ಮೊದಲೇ ಹೇಳಿಬಿಡಿ.

ತಂದೆಯವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಗಟ್ಟಿಯಾಗಿ ಒತ್ತಿದರೆ ಸ್ನಾಯುವಿನೊಳಗೆ ರಕ್ತ ಸೋರಿ ಕಟ್ಟಿಕೊಳ್ಳಬಹುದು. ಆ ವಯಸ್ಸಿನಲ್ಲಿ ಮೂಳೆ ಟೊಳ್ಳಾಗಿರುವ ಸಾಧ್ಯತೆ ಇರುವುದರಿಂದ ಬೆನ್ನಿನ ಮೇಲೆ ಮೊಣಕೈಯಿಂದಲೋ ಕಾಲಿನಿಂದಲೋ ಭಾರ ಹಾಕಿಸುವುದು ಅಪಾಯ. ಹಳೆಯ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಬಿಸಿ ಎಣ್ಣೆ, ಬಿಸಿನೀರಿನ ಚೀಲ ಸುಟ್ಟದ್ದೂ ಅವರಿಗೆ ತಿಳಿಯುವುದಿಲ್ಲ. ಅಂಥ ಸುಟ್ಟಗಾಯ ತಿಂಗಳುಗಟ್ಟಲೆ ಮಾಗದೆ ಕಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದನ್ನು ನೀವಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು; ಆಗ ಹೋಗಬೇಕಾದದ್ದು ಶಿವಮೊಗ್ಗದ ಮೆಗ್ಗಾನ್‌ನಂಥ ಆಸ್ಪತ್ರೆಗೆ, ಅದೂ ತಡಮಾಡದೆ. ಇವ್ಯಾವುದೂ ಇಲ್ಲದಿದ್ದರೆ ಅವರ ಹೃದಯದ ವೈದ್ಯರನ್ನು ಒಂದು ಮಾತು ಕೇಳಿ, ಉಗುರು ಬೆಚ್ಚಗಿನ ಎಣ್ಣೆಯಿಂದ ಹಗುರವಾಗಿ ಕೈಯಾಡಿಸಬಹುದು. ಎಣ್ಣೆ ಮೈಯಲ್ಲಿ ಬಚ್ಚಲಿಗೆ ಹೋಗುವಾಗ ಅವರನ್ನು ಒಬ್ಬರು ಹಿಡಿದುಕೊಂಡೇ ಇರಲಿ. ಮುದುಕರಿಗೆ ಬಚ್ಚಲುಕಲ್ಲಿನ ಜಾರಿಕೆ ನೋವಿಗಿಂತ ದೊಡ್ಡ ಶತ್ರು.

ಮಂಡಿನೋವಿನ ಬಗ್ಗೆ ಹೊಸನಗರದವರು ಬರೆದದ್ದಕ್ಕೆ ಹೊಂದುವ ಪ್ರಯೋಗವೊಂದು 2018ರಲ್ಲಿ ಪ್ರಕಟವಾಗಿದೆ. ಮಂಡಿ ಸವೆತವಿದ್ದ 222 ಜನರಲ್ಲಿ, ವಾರಕ್ಕೊಮ್ಮೆ ಒಂದು ಗಂಟೆಯಂತೆ ಎಂಟು ವಾರ ಇಡೀ ಮೈಗೆ ಮಸಾಜ್ ಪಡೆದವರು, ಬರಿದೆ ಕೈಯಿಟ್ಟಷ್ಟೇ ಸ್ಪರ್ಶ ಪಡೆದವರಿಗಿಂತ ಮತ್ತು ಎಂದಿನ ಚಿಕಿತ್ಸೆಯವರಿಗಿಂತ ಎಂಟನೆಯ ವಾರದ ಹೊತ್ತಿಗೆ ಹೆಚ್ಚು ಸುಧಾರಿಸಿದ್ದರು. ವರ್ಷ ಮುಗಿಯುವ ವೇಳೆಗೆ ಆ ಅಂತರ ಕರಗಿತ್ತು.

ಮಳೆಯ ಮಾತಿಗೆ: ಅಮೆರಿಕದ ವಯಸ್ಸಾದವರು ವೈದ್ಯರಿಗೆ ನೀಡಿದ 1.1 ಕೋಟಿಗೂ ಹೆಚ್ಚು ಭೇಟಿಗಳನ್ನು ಮಳೆಯ ದಿನಗಳೊಂದಿಗೆ ಹೋಲಿಸಿದ 2017ರ ಅಧ್ಯಯನದಲ್ಲಿ ಕೀಲು, ಬೆನ್ನುನೋವಿಗೂ ಮಳೆಗೂ ನಂಟು ಸಿಕ್ಕಲಿಲ್ಲ. ಆದರೆ ಅವರ್ಯಾರೂ ಆಗುಂಬೆಯ ಕಡೆಯ ಜುಲೈ ತಿಂಗಳನ್ನು ಕಂಡವರಲ್ಲ, ತಂದೆಯವರ ಜೊತೆ ವಾದಕ್ಕಿಳಿಯಬೇಡಿ. ಮಳೆಗಾಲದಲ್ಲಿ ಓಡಾಟವೇ ನಿಂತುಹೋಗುವುದು, ಥಂಡಿಗೆ ಮೈ ಮುದುಡಿ ಕೂರುವುದು, ಇಷ್ಟೇ ನೋವು ಹೆಚ್ಚಲು ಸಾಕು. ಜಗಲಿಯ ಉದ್ದಕ್ಕೂ ದಿನಕ್ಕೆ ನಾಲ್ಕು ಸಲ ನಡೆಸಿ.

ನಿಮ್ಮ ವಿಷಯದಲ್ಲಿ ಒಂದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪುವುದು, ತೊಡೆಯ ಸಂದಿನಲ್ಲಿ ಜೋಮು, ಕಾಲಿನ ಶಕ್ತಿ ಕುಂದುತ್ತಾ ಹೋಗುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು, ಇವುಗಳಲ್ಲಿ ಯಾವುದೇ ಕಂಡರೂ ಮಸಾಜನ್ನು ಅಲ್ಲಿಗೇ ನಿಲ್ಲಿಸಿ ಮೂಳೆ ತಜ್ಞರ ಬಳಿಗೆ ಹೋಗಿ. ಹೊಟ್ಟೆ ಉರಿಯ ವಿಷಯವನ್ನೂ ಅವರಿಗೆ ತಿಳಿಸಿ. ಮಾತ್ರೆಯನ್ನು ಬದಲಿಸಲು ಅಥವಾ ಕೊಯ್ಲಿನ ದಿನಗಳಿಗಷ್ಟೇ ಸೀಮಿತಗೊಳಿಸಲು ಸಾಧ್ಯವಿದೆಯೇ ಎಂದು ಕೇಳಿ. ವ್ಯಾಯಾಮವನ್ನು ಈಗಲೇ ಶುರುಮಾಡಿದರೆ ಕೊಯ್ಲು ಬರುವಷ್ಟರಲ್ಲಿ ಸೊಂಟಕ್ಕೆ ಒಂದಷ್ಟು ಬಲ ಬಂದಿರುತ್ತದೆ.